ಹೊತ್ತು ತಪ್ಪಿದ ನಿದ್ದೆ: ದೋಷ ಎಲ್ಲಿದೆ ಎಂದು ಹುಡುಕುವುದು ಹೇಗೆ

ದೂರು ಸಾಮಾನ್ಯವಾಗಿ ಹೀಗಿರುತ್ತದೆ. ರಾತ್ರಿ ಹನ್ನೆರಡಾದರೂ ಕಣ್ಣಿಗೆ ನಿದ್ದೆ ಹತ್ತುವುದಿಲ್ಲ. ಬೆಳಿಗ್ಗೆ ಅಲಾರಂ ಹೊಡೆದರೆ ಏಳಲು ಆಗುವುದಿಲ್ಲ. ಮಧ್ಯಾಹ್ನ ಊಟ ಆದಮೇಲೆ ತಲೆ ಭಾರ. ಸಂಜೆ ಆಗುತ್ತಿದ್ದಂತೆ ಮಾತ್ರ ಎಲ್ಲಿಂದಲೋ ಚುರುಕು ಬರುತ್ತದೆ. ಜೊತೆಗೆ ಹೊಟ್ಟೆ ಉರಿ, ಸಣ್ಣ ಮಾತಿಗೂ ಸಿಡುಕು, ಇಟ್ಟ ವಸ್ತು ಎಲ್ಲಿದೆ ಎಂದು ಮರೆಯುವುದು. ಡಾಕ್ಟರ್ ಹತ್ತಿರ ಹೋದರೆ ಬಿಪಿ ಸ್ವಲ್ಪ ಜಾಸ್ತಿ, ಶುಗರ್ ಗಡಿಯಲ್ಲಿದೆ ಅನ್ನುತ್ತಾರೆ. ಎಷ್ಟು ಗಂಟೆ ನಿದ್ದೆ ಮಾಡುತ್ತೀರಿ ಎಂದು ಕೇಳಿದರೆ, "ಏಳು ಗಂಟೆ ಆಗುತ್ತದಲ್ಲಾ ಡಾಕ್ಟ್ರೇ" ಎಂಬ ಉತ್ತರ. ಅದು ಸುಳ್ಳೂ ಅಲ್ಲ. ಒಂದು ದಿನ ಹತ್ತಕ್ಕೆ ಮಲಗಿ ಏಳು ಗಂಟೆ, ಮರುದಿನ ಎರಡಕ್ಕೆ ಮಲಗಿ ಏಳು ಗಂಟೆ!

ಎಷ್ಟು ಹೊತ್ತು ಮಲಗಿದಿರಿ ಎಂದು ಎಲ್ಲರೂ ಕೇಳುತ್ತಾರೆ. ಯಾವ ಹೊತ್ತಿಗೆ ಎಂದು ಕೇಳುವವರು ಕಡಿಮೆ. ಬ್ರಿಟನ್ನಿನ ಯುಕೆ ಬಯೋಬ್ಯಾಂಕ್ ಎಂಬ ದೊಡ್ಡ ಆರೋಗ್ಯ ಅಧ್ಯಯನದಲ್ಲಿ 60 ಸಾವಿರಕ್ಕೂ ಹೆಚ್ಚು ಜನರ ಮಣಿಕಟ್ಟಿಗೆ ಒಂದು ವಾರ ಚಲನೆ ಅಳೆಯುವ ಪಟ್ಟಿ ಕಟ್ಟಿ, ಆಮೇಲಿನ ವರ್ಷಗಳಲ್ಲಿ ಅವರಲ್ಲಿ ಯಾರು ತೀರಿಕೊಂಡರು ಎಂದು ಲೆಕ್ಕ ಹಾಕಿದರು. 2024ರಲ್ಲಿ ಅಚ್ಚಾದ ಆ ಲೆಕ್ಕದ ಪ್ರಕಾರ, ಸಾವಿನ ಅಪಾಯವನ್ನು ಊಹಿಸಲು ನಿದ್ದೆಯ ಉದ್ದಕ್ಕಿಂತ ನಿದ್ದೆಯ ಕ್ರಮವೇ ಹೆಚ್ಚು ಸಹಾಯಕ್ಕೆ ಬಂತು. ಅಮೆರಿಕದಲ್ಲಿ 2019ರಲ್ಲಿ ಬಂದ ಇನ್ನೊಂದು ಅಧ್ಯಯನದಲ್ಲಿ, ಮಲಗುವ ಹೊತ್ತು ಅಥವಾ ನಿದ್ದೆಯ ಉದ್ದ ದಿನದಿಂದ ದಿನಕ್ಕೆ ಒಂದು ಗಂಟೆ ಹೆಚ್ಚು ಏರುಪೇರಾದರೆ ಶುಗರ್, ಕೊಬ್ಬು, ಬಿಪಿಯ ತೊಂದರೆ ಕಾಣಿಸುವ ಸಾಧ್ಯತೆ ಶೇ. 27ರವರೆಗೆ ಜಾಸ್ತಿ ಇತ್ತು. ಹೊತ್ತು ತಪ್ಪಿದ್ದರಿಂದಲೇ ಕಾಯಿಲೆ ಬಂತು ಎಂದು ಇಷ್ಟರಿಂದಲೇ ಹೇಳಲಾಗದು. ಕಾಯಿಲೆ ಇರುವವರ ನಿದ್ದೆಯೂ ಹೊತ್ತು ತಪ್ಪುತ್ತದೆ, ಅಲ್ವಾ? ಆದರೂ ಹುಡುಕಾಟ ಎಲ್ಲಿಂದ ಶುರು ಮಾಡಬೇಕು ಎಂಬುದಕ್ಕೆ ಇಷ್ಟು ಸುಳಿವು ಸಾಕು.

ಕೊಡಗಿನಲ್ಲಿ ಈ ದೂರಿಗೆ ಕಾರಣಗಳು ಬೇರೆ ಊರಿಗಿಂತ ಸ್ವಲ್ಪ ಬೇರೆ. ಬೇಸಿಗೆಯಲ್ಲಿ ರಾತ್ರಿ ಸ್ಪ್ರಿಂಕ್ಲರ್, ಕೊಯ್ಲಿನಲ್ಲಿ ರಾತ್ರಿವರೆಗೆ ಪಲ್ಪಿಂಗ್ (ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವುದು), ಆನೆ ಕಾವಲು, ಹೋಮ್‌ಸ್ಟೇಗೆ ನಡುರಾತ್ರಿ ಬಂದಿಳಿಯುವ ಗೆಸ್ಟ್‌ಗಳು, ಮನೆಯಿಂದಲೇ ವಿದೇಶದ ಕೆಲಸ ಮಾಡುವ ಹುಡುಗರು, ಇದರ ಮೇಲೆ ನಾಲ್ಕು ತಿಂಗಳ ಮಳೆ. ಹಾಗಾಗಿ ನಗರದವರಿಗೆ ಬರೆದ ಸಲಹೆ ಇಲ್ಲಿ ಅರ್ಧ ಮಾತ್ರ ಕೆಲಸಕ್ಕೆ ಬರುತ್ತದೆ.

ಮೊದಲು ತಳ್ಳಿಹಾಕಬೇಕಾದವು

ಪಂಪ್ ನೀರು ಎತ್ತುತ್ತಿಲ್ಲ ಎಂದರೆ ಯಾರೂ ಬಂದ ಕೂಡಲೇ ಮೋಟಾರ್ ಬಿಚ್ಚುವುದಿಲ್ಲ. ಫ್ಯೂಸ್ ನೋಡುತ್ತೇವೆ, ಫುಟ್‌ವಾಲ್ವ್ ನೋಡುತ್ತೇವೆ. ಇಲ್ಲೂ ಹಾಗೆಯೇ. ಮಲಗುವ ಹೊತ್ತು ಬದಲಿಸುವ ಮೊದಲು, ಹೊತ್ತಿಗೆ ಸಂಬಂಧವೇ ಇಲ್ಲದ ಕೆಲವು ಕಾರಣಗಳಿವೆಯಾ ನೋಡಿ.

ಜೋರು ಗೊರಕೆ ಇದೆಯಾ? ನಡುವೆ ಉಸಿರು ನಿಂತು, ಆಮೇಲೆ ಗಕ್ ಎಂದು ಎಳೆದುಕೊಳ್ಳುತ್ತೀರಾ? ಇದನ್ನು ನೀವು ಹೇಳಲಾರಿರಿ, ಪಕ್ಕದಲ್ಲಿ ಮಲಗುವವರನ್ನೇ ಕೇಳಬೇಕು. ಹೌದು ಎಂದರೆ ಅದು ಸ್ಲೀಪ್ ಆಪ್ನಿಯಾ ಇರಬಹುದು. ಅದಿದ್ದರೆ ಹತ್ತಕ್ಕೇ ಮಲಗಿ ಆರಕ್ಕೇ ಎದ್ದರೂ ದಣಿವು ಹೋಗುವುದಿಲ್ಲ, ಬಿಪಿ ಮಾತ್ರೆಗೆ ಬಿಪಿ ಜಗ್ಗುವುದೂ ಕಷ್ಟ. ಒಂದು ರಾತ್ರಿ ಮೊಬೈಲಿನಲ್ಲಿ ಗೊರಕೆಯನ್ನು ರೆಕಾರ್ಡ್ ಮಾಡಿಸಿ ಡಾಕ್ಟರಿಗೆ ಕೇಳಿಸಿ. ನಾಚಿಕೆಪಡುವಂಥದ್ದೇನೂ ಇಲ್ಲ.

ಸಂಜೆಯಾದರೆ ಕಾಲಿನೊಳಗೆ ಏನೋ ಹರಿದಾಡಿದಂತಾಗಿ, ಎದ್ದು ನಡೆದಾಡಿದರೆ ಮಾತ್ರ ಸಮಾಧಾನ ಆಗುತ್ತದೆಯಾ? ಮೈಯಲ್ಲಿ ಕಬ್ಬಿಣದ ಅಂಶ ಕಡಿಮೆ ಇದ್ದವರಲ್ಲಿ ಇದು ಜಾಸ್ತಿ. ಫೆರಿಟಿನ್ ಎಂಬ ರಕ್ತಪರೀಕ್ಷೆ ಮಾಡಿಸಬೇಕು. ಹಿಮೋಗ್ಲೋಬಿನ್ ಸರಿ ಇದ್ದರೂ ಇದು ಕಡಿಮೆ ಇರಬಹುದು. ಥೈರಾಯ್ಡ್ ಒಮ್ಮೆ ನೋಡಿಸಿ. ರಾತ್ರಿ ಮೂರು ನಾಲ್ಕು ಸಲ ಮೂತ್ರಕ್ಕೆ ಏಳುತ್ತಿದ್ದರೆ ಶುಗರ್ ನೋಡಿಸಿ. ಕೆಲವು ಬಿಪಿ ಮಾತ್ರೆಗಳು ಮೂತ್ರ ಹೆಚ್ಚಿಸುತ್ತವೆ. ಅವನ್ನು ರಾತ್ರಿ ನುಂಗುತ್ತಿದ್ದರೆ ಬೆಳಿಗ್ಗೆಗೆ ಬದಲಿಸಬಹುದಾ ಎಂದು ಡಾಕ್ಟರನ್ನೇ ಕೇಳಿ. ಸ್ಟಿರಾಯ್ಡ್ ಮಾತ್ರೆಯೂ ನಿದ್ದೆ ಕೆಡಿಸುತ್ತದೆ.

ಮನಸ್ಸಿನ ಕಡೆಯಿಂದ ಎರಡು ಗುರುತುಗಳು. ಬೆಳಗಿನ ಜಾವ ಮೂರಕ್ಕೆ ಎಚ್ಚರವಾಗಿ ಮತ್ತೆ ನಿದ್ದೆ ಬಾರದೆ, ಯಾವುದರಲ್ಲೂ ಆಸಕ್ತಿ ಇಲ್ಲದೆ ಎರಡು ವಾರ ದಾಟಿದ್ದರೆ ಅದು ಖಿನ್ನತೆ ಇರಬಹುದು. ಇದಕ್ಕೆ ತದ್ವಿರುದ್ಧ ಇನ್ನೊಂದು: ಮೂರು ಗಂಟೆ ಮಲಗಿದರೂ ದಣಿವೇ ಇಲ್ಲ, ಮಾತು ಜಾಸ್ತಿ, ಖರ್ಚು ಜಾಸ್ತಿ, ತಲೆ ತುಂಬ ಯೋಜನೆಗಳು. ಮನೆಯವರಿಗೆ ಇದು ಉತ್ಸಾಹದಂತೆ ಕಾಣುತ್ತದೆ. ಇದಕ್ಕೂ ಮನೋವೈದ್ಯರೇ ಬೇಕು. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ಇವು ಯಾವುದೂ ಇಲ್ಲದಿದ್ದರೆ ಮುಂದಕ್ಕೆ ಹೋಗೋಣ.

ಎರಡು ವಾರ ಬರೆದಿಡಿ

ಗೋಡೆಯ ಕ್ಯಾಲೆಂಡರಿನ ಚೌಕದಲ್ಲಿ ಜಾಗ ಸಾಕು. ಮಲಗಿದ ಹೊತ್ತು, ಎದ್ದ ಹೊತ್ತು, ಕೊನೆಯ ಕಾಫಿ, ಹಗಲು ನಿದ್ದೆ. ಇಷ್ಟೇ. ಕೈಗೆ ಕಟ್ಟುವ ವಾಚು ತೋರಿಸುವ "ಗಾಢ ನಿದ್ದೆ 43 ನಿಮಿಷ" ಎಂಬ ಲೆಕ್ಕಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಮಲಗಿದ್ದು ಎದ್ದದ್ದನ್ನು ಅವು ಸುಮಾರಾಗಿ ಸರಿ ಹೇಳುತ್ತವೆ. ನಿದ್ದೆಯ ಹಂತಗಳ ವಿಷಯದಲ್ಲಿ ಅಷ್ಟು ನಂಬಿಕೆ ಬೇಡ.

ಆಮೇಲೆ ಒಂದು ಸಣ್ಣ ಲೆಕ್ಕ. ಕೆಲಸದ ದಿನ ರಾತ್ರಿ 11ಕ್ಕೆ ಮಲಗಿ 5.30ಕ್ಕೆ ಏಳುತ್ತೀರಿ ಅನ್ನೋಣ. ನಿದ್ದೆಯ ನಡುಬಿಂದು 2.15. ರಜೆಯ ದಿನ 2ಕ್ಕೆ ಮಲಗಿ 10ಕ್ಕೆ ಏಳುತ್ತೀರಿ. ನಡುಬಿಂದು 6. ಎರಡರ ನಡುವೆ ಮೂರೂಮುಕ್ಕಾಲು ಗಂಟೆ ಅಂತರ. ಜರ್ಮನಿಯ ಟಿಲ್ ರೊನೆಬರ್ಗ್ ಮತ್ತು ಜೊತೆಗಾರರು 2006ರಲ್ಲಿ ಇದಕ್ಕೆ ಸೋಷಿಯಲ್ ಜೆಟ್‌ಲ್ಯಾಗ್ ಎಂದು ಹೆಸರಿಟ್ಟರು. ದೂರದೇಶಕ್ಕೆ ವಿಮಾನದಲ್ಲಿ ಹೋದಾಗ ಮೈಗೆ ಹೊತ್ತು ತಪ್ಪುತ್ತದಲ್ಲ, ಅದು ಜೆಟ್‌ಲ್ಯಾಗ್. ಕುವೈತಿಗೂ ನಮಗೂ ಇರುವ ವ್ಯತ್ಯಾಸ ಎರಡೂವರೆ ಗಂಟೆ. ಅಂದರೆ ಮನೆ ಬಿಟ್ಟು ಕದಲದೆ, ಪ್ರತಿ ವಾರ ಕುವೈತಿಗಿಂತ ಆಚೆ ಹೋಗಿ ಬಂದಷ್ಟು ಮೈ ಅಲುಗಾಡುತ್ತಿದೆ. ಅಂತರ ಒಂದು ಗಂಟೆಯೊಳಗಿದ್ದರೆ ನಿಮ್ಮ ದೋಷ ಬಹುಶಃ ಬೇರೆ ಕಡೆ ಇದೆ. ಎರಡು ದಾಟಿದ್ದರೆ ಇಲ್ಲೇ ಇದೆ.

ಹಗಲಲ್ಲಿ ತೂಕಡಿಕೆ ಎಷ್ಟಿದೆ ಎಂದು ಅಳೆಯಲು ಎಪ್‌ವರ್ತ್ ಪಟ್ಟಿ ಇದೆ. 1991ರಿಂದ ಬಳಕೆಯಲ್ಲಿದೆ. ಟಿವಿ ನೋಡುವಾಗ, ಓದುವಾಗ, ಬಸ್ಸಿನಲ್ಲಿ ಕೂತಾಗ ಹೀಗೆ ಎಂಟು ಸಂದರ್ಭ. ತೂಕಡಿಸುವ ಸಾಧ್ಯತೆಗೆ ಒಂದೊಂದಕ್ಕೂ 0ಯಿಂದ 3 ಅಂಕ. ಮೊತ್ತ 10 ದಾಟಿದರೆ ಡಾಕ್ಟರಿಗೆ ತೋರಿಸುವಷ್ಟು ಜಾಸ್ತಿ ಎಂದರ್ಥ.

ಒಳಗಿನ ಗಡಿಯಾರ

ತೋಟದ ಬದಿಯಲ್ಲಿ ಕಾಲಿಗೆ ಚುಚ್ಚುವ ಮುಟ್ಟಿದರೆ ಮುನಿ ಸಂಜೆ ಎಲೆ ಮಡಚಿ ಬೆಳಿಗ್ಗೆ ಬಿಚ್ಚುವುದನ್ನು ನೋಡಿದ್ದೀರಲ್ಲ. 1729ರಲ್ಲಿ ಫ್ರಾನ್ಸಿನ ದ ಮೆರಾನ್ ಎಂಬವರು ಇಂಥದ್ದೇ ಒಂದು ಗಿಡವನ್ನು ಕತ್ತಲೆಯಲ್ಲಿಟ್ಟು ನೋಡಿದರು. ಬಿಸಿಲೇ ಕಾಣದಿದ್ದರೂ ಗಿಡ ಹೊತ್ತಿಗೆ ಸರಿಯಾಗಿ ಎಲೆ ಬಿಚ್ಚಿತು, ಮಡಚಿತು. ಗಡಿಯಾರ ಹೊರಗಿಲ್ಲ, ಒಳಗೇ ಇದೆ ಎಂಬುದಕ್ಕೆ ಸಿಕ್ಕ ಮೊದಲ ಪುರಾವೆಗಳಲ್ಲಿ ಇದೊಂದು. ಹಣ್ಣಿನ ನೊಣಗಳಲ್ಲಿ ಈ ಗಡಿಯಾರವನ್ನು ನಡೆಸುವ ಜೀನ್‌ಗಳನ್ನು ಬಿಡಿಸಿ ತೋರಿಸಿದ ಜೆಫ್ರಿ ಹಾಲ್, ಮೈಕೆಲ್ ರೋಸ್‌ಬಾಷ್, ಮೈಕೆಲ್ ಯಂಗ್ ಅವರಿಗೆ 2017ರ ನೊಬೆಲ್ ಬಂತು.

ನಮ್ಮ ಮಿದುಳಿನ ತಳದಲ್ಲಿ, ಎರಡೂ ಕಣ್ಣಿನ ನರಗಳು ಸೇರುವ ಜಾಗದ ಮೇಲೆ, ಸುಮಾರು 20 ಸಾವಿರ ನರಕೋಶಗಳ ಪುಟ್ಟ ಗುಂಪಿದೆ. ಮುಖ್ಯ ಗಡಿಯಾರ ಅದೇ. ಲಿವರ್, ಕರುಳು, ಮೇದೋಜೀರಕ ಎಲ್ಲಕ್ಕೂ ತಮ್ಮದೇ ಗಡಿಯಾರಗಳಿವೆ. ಅವು ಊಟದ ಹೊತ್ತನ್ನೂ ನೋಡಿಕೊಂಡು ಓಡುತ್ತವೆ. ರಾತ್ರಿ ಹನ್ನೆರಡಕ್ಕೆ ಅನ್ನ ಪಂದಿಕರಿ ಹೊಡೆದರೆ ಮುಖ್ಯ ಗಡಿಯಾರ ರಾತ್ರಿ ಅನ್ನುತ್ತದೆ, ಹೊಟ್ಟೆಯದ್ದು ಹಗಲು ಅನ್ನುತ್ತದೆ. ರಾತ್ರಿ ಇನ್ಸುಲಿನ್‌ನ ಕೆಲಸ ಮಂದವಾಗಿರುತ್ತದೆ. ಅದೇ ಊಟ ಮಧ್ಯಾಹ್ನ ಏರಿಸುವುದಕ್ಕಿಂತ ರಾತ್ರಿ ಶುಗರನ್ನು ಜಾಸ್ತಿ ಏರಿಸುತ್ತದೆ. ಗಡಿಯಲ್ಲಿರುವ ಶುಗರ್, ಹೊಟ್ಟೆ ಉರಿ ಎರಡಕ್ಕೂ ಇಲ್ಲಿ ಸ್ವಲ್ಪ ವಿವರಣೆ ಸಿಗುತ್ತದೆ.

ಈ ಮುಖ್ಯ ಗಡಿಯಾರ ಹೆಚ್ಚಿನವರಲ್ಲಿ 24 ಗಂಟೆಗಿಂತ ತುಸು ನಿಧಾನ, ಸರಾಸರಿ 24.2 ಗಂಟೆ. ದಿನವೂ ಅದನ್ನು ಸ್ವಲ್ಪ ಮುಂದಕ್ಕೆ ತಳ್ಳಿ ಸರಿಮಾಡುವುದು ಬೆಳಗಿನ ಬೆಳಕು. ಬೆಳಕು ಸಿಗದಿದ್ದರೆ ಅದು ತಾನಾಗಿ ತಡವಾಗುತ್ತಾ ಹೋಗುತ್ತದೆ. ತಡವಾಗಿ ಮಲಗುವುದು ಸುಲಭ, ಬೇಗ ಮಲಗುವುದು ಕಷ್ಟ ಅನ್ನಿಸುವುದು ಇದಕ್ಕೇ. ಸೋಮಾರಿತನ ಎಂದು ಬೈಯುವ ಹಿರಿಯರು ಇಷ್ಟನ್ನು ತಿಳಿದುಕೊಂಡರೆ ಒಳ್ಳೆಯದು. ಅದರಲ್ಲೂ ಪಿಯುಸಿ ಮಕ್ಕಳ ವಿಷಯದಲ್ಲಿ. ಹದಿಹರೆಯದಲ್ಲಿ ಗಡಿಯಾರ ಇನ್ನೂ ತಡವಾಗುತ್ತದೆ, ಬೇಕಾದ ನಿದ್ದೆಯೋ 8ರಿಂದ 10 ಗಂಟೆ.

ದೋಷ: ಗಡಿಯಾರ ತಡವಾಗಿ ಓಡುತ್ತಿದೆ

ಗುರುತಿಸುವುದು ಹೀಗೆ. ಒಂದು ವಾರ ಯಾವ ಅಲಾರಮ್ಮೂ ಇಲ್ಲದೆ ನಿಮ್ಮ ಇಷ್ಟದ ಹೊತ್ತಿಗೆ ಮಲಗಿ ಏಳಲು ಬಿಟ್ಟರೆ ನಿದ್ದೆ ಗಟ್ಟಿಯಾಗಿ ಬರುತ್ತದೆಯಾ? ಎರಡಕ್ಕೆ ಮಲಗಿ ಹತ್ತಕ್ಕೆ ಎದ್ದು ಫ್ರೆಶ್ ಆಗಿರುತ್ತೀರಾ? ಹಾಗಿದ್ದರೆ ನಿಮಗೆ ನಿದ್ರಾಹೀನತೆ ಇಲ್ಲ. ನಿದ್ದೆ ಸರಿಯಾಗಿಯೇ ಇದೆ, ಜಾಗ ತಪ್ಪಿದೆ. ರಾತ್ರಿ ಹತ್ತು ಹನ್ನೊಂದರವರೆಗೆ ಅಮೆರಿಕದವರ ಜೊತೆ ಮೀಟಿಂಗ್ ಇರುವ ಹುಡುಗ ಹುಡುಗಿಯರಲ್ಲಿ ಇದು ತುಂಬಾ. ಮೀಟಿಂಗ್ ಮುಗಿದ ಮೇಲೆ ತಲೆ ತಣ್ಣಗಾಗಲು ಇನ್ನೆರಡು ಗಂಟೆ ಮೊಬೈಲ್.

ಇಲ್ಲಿ ಎಲ್ಲರೂ ಮಾಡುವ ರಿಪೇರಿ ಒಂದಿದೆ, ಅದು ಬಹಳ ಸಲ ಉಲ್ಟಾ ಹೊಡೆಯುತ್ತದೆ. ನಾಳೆಯಿಂದ ಐದಕ್ಕೆ ಏಳುತ್ತೇನೆ ಎಂದು ಶಪಥ ಮಾಡಿ, ಐದಕ್ಕೇ ಎದ್ದು, ಲೈಟ್ ಹಾಕಿ ವ್ಯಾಯಾಮ ಶುರು ಮಾಡುವುದು. ಯಾಕೆ ಉಲ್ಟಾ? ನಮ್ಮ ಮೈಯ ಬಿಸಿ ರಾತ್ರಿ ಇಳಿಯುತ್ತಾ ಹೋಗಿ, ತಾನಾಗಿ ಎಚ್ಚರವಾಗುವ ಹೊತ್ತಿಗೆ ಎರಡು ಮೂರು ಗಂಟೆ ಮೊದಲು ತೀರಾ ಕೆಳಗೆ ತಲುಪುತ್ತದೆ. ಆ ಗೆರೆ ದಾಟಿದ ಮೇಲೆ ಕಣ್ಣಿಗೆ ಬಿದ್ದ ಬೆಳಕು ಗಡಿಯಾರವನ್ನು ಮುಂದಕ್ಕೆ, ಅಂದರೆ ಬೇಗ ಏಳುವ ಕಡೆಗೆ ತಳ್ಳುತ್ತದೆ. ಗೆರೆಗಿಂತ ಮೊದಲು ಬಿದ್ದ ಬೆಳಕು ಹಿಂದಕ್ಕೆ ತಳ್ಳುತ್ತದೆ. ಆರಕ್ಕೆ ಏಳುವವರಿಗೆ ಆ ಗೆರೆ ಮೂರು ನಾಲ್ಕರ ಹೊತ್ತಿಗಿರುತ್ತದೆ. ತಾನಾಗಿ ಹತ್ತಕ್ಕೆ ಏಳುವವರಿಗೆ ಏಳು ಎಂಟರ ಹೊತ್ತಿಗೆ. ಅಂಥವರು ಐದಕ್ಕೆ ಎದ್ದು ಬೆಳಕು ಹಾಕಿಕೊಂಡರೆ ಅವರ ಗಡಿಯಾರದ ಪಾಲಿಗೆ ಅದಿನ್ನೂ ನಡುರಾತ್ರಿ. ನಾಲ್ಕು ದಿನ ಕಷ್ಟಪಟ್ಟು ಐದನೆಯ ದಿನ ಬಿಟ್ಟುಬಿಡುತ್ತಾರೆ. ಆಮೇಲೆ ನನ್ನಿಂದಾಗದು ಎಂಬ ಬೇಸರ ಬೇರೆ.

ಸರಿಯಾದ ದಾರಿ ನಿಧಾನದ್ದು. ಈಗ ತಾನಾಗಿ ಏಳುವ ಹೊತ್ತು ಹತ್ತು ಎಂದಿಟ್ಟುಕೊಳ್ಳಿ. ಒಂಬತ್ತೂವರೆಗೆ ಎದ್ದು ಕೂಡಲೇ ಅಂಗಳಕ್ಕೆ ಹೋಗಿ ಅರ್ಧ ಗಂಟೆ ಇರಿ. ಕಾಫಿ ಅಲ್ಲೇ ಕುಡಿಯಿರಿ, ಗಿಡಕ್ಕೆ ನೀರು ಹಾಕಿ, ಫೋನಿನಲ್ಲಿ ಮಾತಾಡಿ, ಏನಾದರೂ ಮಾಡಿ. ಎರಡು ಮೂರು ದಿನ ಬಿಟ್ಟು ಒಂಬತ್ತು. ಮತ್ತೆ ಎರಡು ಮೂರು ದಿನ ಬಿಟ್ಟು ಎಂಟೂವರೆ. ಹೀಗೆ ಆರೂವರೆಗೆ ಬರಲು ಎರಡು ಮೂರು ವಾರ ಹಿಡಿಯುತ್ತದೆ. ಮಲಗುವ ಹೊತ್ತಿಗೆ ಕೈ ಹಾಕಬೇಡಿ. ಬೇಗ ಮಲಗಿ ಎಂದು ನಿದ್ದೆಗೆ ಆರ್ಡರ್ ಮಾಡಲು ಆಗುವುದಿಲ್ಲ. ಏಳುವ ಹೊತ್ತನ್ನು ಮಾತ್ರ ನೀವು ಹಿಡಿಯಬಹುದು. ಏಳುವುದು ಗಟ್ಟಿಯಾದರೆ ಕೆಲವು ದಿನಗಳಲ್ಲಿ ರಾತ್ರಿಯ ತೂಕಡಿಕೆ ತಾನಾಗಿ ಬೇಗ ಬರುತ್ತದೆ. ಈ ಇಡೀ ಕೈಪಿಡಿಯಲ್ಲಿ ಒಂದನ್ನೇ ಮಾಡುತ್ತೀರಿ ಅಂದರೆ ಇದನ್ನೇ ಮಾಡಿ. ಭಾನುವಾರವೂ ಸೇರಿ.

ರಾತ್ರಿ ಮಲಗುವ ಎರಡು ಗಂಟೆ ಮೊದಲು ಟ್ಯೂಬ್‌ಲೈಟ್ ಆರಿಸಿ, ಹಳದಿ ಬಲ್ಬ್ ಒಂದು ಹಾಕಿಕೊಳ್ಳಿ. ಮೀಟಿಂಗ್ ತಪ್ಪಿಸಲಾಗದಿದ್ದರೆ ಸ್ಕ್ರೀನಿನ ಬೆಳಕನ್ನಾದರೂ ಕಡಿಮೆ ಮಾಡಿ. ಮೆಲಟೋನಿನ್ ಮಾತ್ರೆಯ ಬಗ್ಗೆ ತುಂಬಾ ಜನ ಕೇಳುತ್ತಾರೆ. ಅದು ಹೊಡೆದು ಮಲಗಿಸುವ ಮಾತ್ರೆ ಅಲ್ಲ, ಗಡಿಯಾರಕ್ಕೆ ಕತ್ತಲಾಯಿತು ಎಂದು ತಿಳಿಸುವ ವಸ್ತು. ತಪ್ಪು ಹೊತ್ತಿಗೆ ನುಂಗಿದರೆ ಗಡಿಯಾರ ತಪ್ಪು ಕಡೆಗೇ ಸರಿಯಬಹುದು. ಡಾಕ್ಟರನ್ನು ಕೇಳದೆ ಬೇಡ.

ಮಳೆಗಾಲದ ಬೆಳಕು

ಜೂನ್‌ನಿಂದ ಸೆಪ್ಟೆಂಬರ್ ತನಕ ಇಲ್ಲಿ ಬಿಸಿಲೇ ಇಲ್ಲವಲ್ಲ, ಅಂಗಳಕ್ಕೆ ಹೋಗಿ ಏನು ಪ್ರಯೋಜನ ಎಂದು ಕೇಳುವವರಿದ್ದಾರೆ. ಲೆಕ್ಕ ನೋಡಿ. ಮನೆಯೊಳಗೆ ಲೈಟ್ ಹಾಕಿದರೂ ಸಾಮಾನ್ಯವಾಗಿ ನೂರರಿಂದ ಮುನ್ನೂರು ಲಕ್ಸ್ (ಬೆಳಕಿನ ಅಳತೆ) ಬೆಳಕು. ದಪ್ಪ ಗೋಡೆ, ಸಣ್ಣ ಕಿಟಕಿಯ ಹಳೆ ಮನೆಗಳಲ್ಲಿ ಅಷ್ಟೂ ಇರುವುದಿಲ್ಲ. ಮೋಡ ಮುಚ್ಚಿದ ದಿನವೂ ಹೊರಗೆ ಸಾವಿರದಿಂದ ಹತ್ತು ಸಾವಿರ ಲಕ್ಸ್ ಇರುತ್ತದೆ. ನಮ್ಮ ಕಣ್ಣು ಹೊಂದಿಕೊಳ್ಳುವುದರಿಂದ ಎರಡೂ ಒಂದೇ ಥರ ಮಬ್ಬಾಗಿ ಕಾಣುತ್ತವೆ. ಗಡಿಯಾರಕ್ಕೆ ಸುದ್ದಿ ಮುಟ್ಟಿಸುವ ಕಣ್ಣಿನ ಕೋಶಗಳಿಗೆ ಮಾತ್ರ ವ್ಯತ್ಯಾಸ ಗೊತ್ತಾಗುತ್ತದೆ.

ಆದ್ದರಿಂದ ಮಳೆಗಾಲದಲ್ಲಿ ಬೆಳಗಿನ ಕಾಫಿ ಅಡುಗೆಮನೆಯಲ್ಲಿ ಬೇಡ, ಸಿಟೌಟಿನಲ್ಲಿ ಕೂತು ಹೊರಗೆ ಮುಖ ಮಾಡಿ ಕುಡಿಯಿರಿ. ಮಳೆ ಬಿಟ್ಟಾಗ ಕಣಕ್ಕೋ ಗದ್ದೆ ಬದಿಗೋ ಹೋಗಿ. ತೋಟದೊಳಗೆ ಮರದ ನೆರಳು ದಟ್ಟ, ಅಲ್ಲಿ ಬೆಳಕು ಕಡಿಮೆ. ಬಿಸಿಲಿನ ತಿಂಗಳಿಗಿಂತ ಹೆಚ್ಚು ಹೊತ್ತು ಹೊರಗಿರಬೇಕು, ಅರ್ಧ ಗಂಟೆಯ ಬದಲು ಒಂದು ಗಂಟೆ. ಜನವರಿಯಲ್ಲಿ ಇನ್ನೊಂದು ಸಮಸ್ಯೆ. ಆಗ ಇಲ್ಲಿ ಸೂರ್ಯ ಹುಟ್ಟುವಾಗ ಏಳು ಗಂಟೆಗೆ ಹತ್ತೇ ನಿಮಿಷ ಬಾಕಿ. ಮಂಜು ಬೇರೆ. ಆ ತಿಂಗಳಲ್ಲಿ ಐದಕ್ಕೆ ಏಳುವ ಹಟಕ್ಕಿಂತ ಏಳಕ್ಕೆ ಅಂಗಳದಲ್ಲಿರುವ ಹಟ ಒಳ್ಳೆಯದು.

ದೋಷ: ಕಾಫಿ

ಕೊಡಗಿನವರಿಗೆ ಕಾಫಿ ಬಿಡಿ ಅನ್ನುವುದು ಜಗಳಕ್ಕೆ ಕರೆದಂತೆ. ಬಿಡುವುದು ಬೇಡ, ಹೊತ್ತು ಬದಲಿಸಿದರೆ ಸಾಕು.

ಎಚ್ಚರವಾಗಿರುವಷ್ಟು ಹೊತ್ತೂ ಮಿದುಳಿನಲ್ಲಿ ಅಡಿನೋಸಿನ್ ಎಂಬ ವಸ್ತು ಸೇರುತ್ತಾ ಹೋಗುತ್ತದೆ. ಅದು ಹೆಚ್ಚಾದಂತೆ ನಿದ್ದೆ ಎಳೆಯುತ್ತದೆ. ಕಾಫಿಯ ಕೆಫೀನ್ ಅಡಿನೋಸಿನ್ ಕೂರಬೇಕಾದ ಜಾಗದಲ್ಲಿ ತಾನು ಕೂರುತ್ತದೆ. ನಿದ್ದೆಯ ಒತ್ತಡ ಹಾಗೇ ಇರುತ್ತದೆ, ನಿಮಗೆ ಗೊತ್ತಾಗುವುದಿಲ್ಲ ಅಷ್ಟೆ. ಕುಡಿದ ಕೆಫೀನಿನಲ್ಲಿ ಅರ್ಧ ಇಳಿಯಲು ಸುಮಾರು ಐದು ಗಂಟೆ ಬೇಕು. ಸಂಜೆ ಐದರ ಕಾಫಿಯ ಅರ್ಧ ಕೆಫೀನ್ ರಾತ್ರಿ ಹತ್ತಕ್ಕೂ ಮೈಯಲ್ಲೇ ಇರುತ್ತದೆ. ಗರ್ಭಿಣಿಯರಲ್ಲಿ ಇನ್ನೂ ನಿಧಾನ, ಬೀಡಿ ಸಿಗರೇಟ್ ಸೇದುವವರಲ್ಲಿ ಬೇಗ. 2013ರ ಒಂದು ಪ್ರಯೋಗದಲ್ಲಿ, ಮಲಗುವ ಆರು ಗಂಟೆ ಮೊದಲು 400 ಮಿಲಿಗ್ರಾಂ ಕೆಫೀನ್ ತೆಗೆದುಕೊಂಡವರ ನಿದ್ದೆ ಒಂದು ಗಂಟೆಗೂ ಹೆಚ್ಚು ಕಡಿಮೆಯಾಯಿತು. "ನನಗೆ ಕಾಫಿ ಕುಡಿದರೂ ನಿದ್ದೆ ಬರುತ್ತದೆ" ಅನ್ನುವವರಿಗೂ ನಿದ್ದೆಯ ಆಳ ಕಡಿಮೆಯಾಗುತ್ತದೆ.

ನಮ್ಮಲ್ಲಿ ಇನ್ನೊಂದು ತಿರುವು ಇದೆ. ರೋಬಸ್ಟಾದಲ್ಲಿ ಕೆಫೀನ್ ಅರೇಬಿಕಾಕ್ಕಿಂತ ಹೆಚ್ಚುಕಡಿಮೆ ಎರಡು ಪಟ್ಟು. ತೂಕದಲ್ಲಿ ಅರೇಬಿಕಾ ಸುಮಾರು ಶೇ. 1.2, ರೋಬಸ್ಟಾ ಶೇ. 2.2. ಮನೆಯ ತೋಟದ ರೋಬಸ್ಟಾವನ್ನೇ ಹುರಿದು ಪುಡಿ ಮಾಡಿ, ಬೆಲ್ಲ ಹಾಕಿ ಕುದಿಸಿ ಕುಡಿಯುವವರು ಒಂದೇ ಲೋಟದಲ್ಲಿ ಪೇಟೆಯವರ ಎರಡು ಲೋಟದಷ್ಟು ಕೆಫೀನ್ ಕುಡಿಯುತ್ತಿರಬಹುದು. ಚಿಕೋರಿಯಲ್ಲಿ ಕೆಫೀನ್ ಇಲ್ಲ. ಚಿಕೋರಿ ಬೆರೆಸಿದ ಪುಡಿ ಕೀಳು ಎಂದು ಮೂಗು ಮುರಿಯುವವರು ಸಂಜೆಯ ಲೋಟಕ್ಕಾದರೂ ಅದನ್ನು ಒಪ್ಪಿಕೊಳ್ಳಬಹುದು!

ಪರೀಕ್ಷೆ ಸರಳ. ಎರಡು ವಾರ ಕೊನೆಯ ಕಾಫಿ, ಟೀ ಮಧ್ಯಾಹ್ನ ಎರಡರೊಳಗೆ ಮುಗಿಸಿ. ಮೊದಲ ಕೆಲವು ದಿನ ಸಂಜೆ ತಲೆನೋವು ಬಂದರೆ ಹೆದರಬೇಡಿ, ಹೋಗುತ್ತದೆ. ಎರಡು ವಾರದಲ್ಲಿ ಏನೂ ಬದಲಾಗದಿದ್ದರೆ ಕಾಫಿ ನಿರಪರಾಧಿ, ಸಂಜೆಯ ಲೋಟ ವಾಪಸ್ ತೆಗೆದುಕೊಳ್ಳಿ.

ಮದ್ಯದ ಮಾತು ಚಿಕ್ಕದು. ಎರಡು ಪೆಗ್ ಹಾಕಿದರೆ ನಿದ್ದೆ ಬೇಗ ಹತ್ತುತ್ತದೆ ನಿಜ. ಅದು ಮೈಯಿಂದ ಇಳಿಯುವ ಹೊತ್ತಿಗೆ, ರಾತ್ರಿಯ ಎರಡನೆಯ ಅರ್ಧದಲ್ಲಿ, ನಿದ್ದೆ ಒಡೆದು ಚೂರಾಗುತ್ತದೆ. ಗೊರಕೆ ಇದ್ದವರಿಗೆ ಆಪ್ನಿಯಾ ಜಾಸ್ತಿಯಾಗುತ್ತದೆ. ನಿದ್ದೆ ಮಾತ್ರೆಯ ಜೊತೆ ಅಂತೂ ಖಂಡಿತ ಬೇಡ, ಉಸಿರೇ ನಿಲ್ಲಬಹುದು.

ದೋಷ: ಕೆಲಸವೇ ರಾತ್ರಿ

ಫೆಬ್ರವರಿ, ಮಾರ್ಚ್‌ನಲ್ಲಿ ರೋಬಸ್ಟಾಕ್ಕೆ ಹೂವಿನ ನೀರು, ಅಂದರೆ ಹೂ ಅರಳಿಸುವ ನೀರು ಕೊಡಬೇಕು. ತ್ರೀಫೇಸ್ ಕರೆಂಟ್ ರಾತ್ರಿ ಬಂದರೆ ಪಂಪೂ ರಾತ್ರಿಯೇ ಓಡಬೇಕು, ನಡುವೆ ಎದ್ದು ಪೈಪ್ ಬದಲಿಸಬೇಕು. ಹಲಸು ಹಣ್ಣಾಗುವಾಗ, ಭತ್ತ ತೆನೆ ಕಟ್ಟುವಾಗ ಸಿದ್ದಾಪುರ, ಮಾಲ್ದಾರೆ, ತಿತಿಮತಿ ಕಡೆ ಆನೆ ಕಾವಲು. ಆಸ್ಪತ್ರೆಯ ನರ್ಸ್‌ಗಳಿಗೆ ತಿಂಗಳಿಡೀ ಪಾಳಿ ತಿರುಗುತ್ತದೆ. ಇವರಿಗೆ "ಹತ್ತಕ್ಕೆ ಮಲಗಿ" ಅನ್ನುವುದು ತಮಾಷೆ. ಪಾಳಿ ಕೆಲಸ ಹಗುರ ವಿಷಯವಲ್ಲ. ರಾತ್ರಿ ಪಾಳಿ ಮನುಷ್ಯರಲ್ಲಿ ಬಹುಶಃ ಕ್ಯಾನ್ಸರ್‌ಗೆ ಕಾರಣವಾಗಬಲ್ಲದು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2007ರಲ್ಲೇ ಹೇಳಿತು, 2019ರಲ್ಲಿ ಮತ್ತೆ ಪರಿಶೀಲಿಸಿ ಅದನ್ನೇ ಉಳಿಸಿಕೊಂಡಿತು.

ಪೂರ್ತಿ ಸರಿಮಾಡಲು ಆಗದಿದ್ದರೂ ಹಾನಿ ಕಡಿಮೆ ಮಾಡುವ ಉಪಾಯವಿದೆ. ನಾಲ್ಕು ಗಂಟೆಯ ಒಂದು ತುಂಡನ್ನು ಖಾಯಂ ಮಾಡಿಕೊಳ್ಳಿ. ರಾತ್ರಿ ಕೆಲಸ ಇರಲಿ ಬಿಡಲಿ, ಆ ನಾಲ್ಕು ಗಂಟೆ ಯಾವಾಗಲೂ ನಿದ್ದೆಗೇ. ಉದಾಹರಣೆಗೆ ಬೆಳಗಿನ ಜಾವ ನಾಲ್ಕರಿಂದ ಎಂಟು. ಪಂಪ್ ಕೆಲಸ ಮೂರೂವರೆಗೆ ಮುಗಿಯುವ ದಿನವೂ ಅದೇ, ಕೆಲಸ ಇಲ್ಲದ ದಿನವೂ ಆ ನಾಲ್ಕು ಗಂಟೆ ನಿದ್ದೆಯೊಳಗೆ ಇರಬೇಕು. ಉಳಿದ ಮೂರು ಗಂಟೆಯನ್ನು ಸಂಜೆಗೋ ಮಧ್ಯಾಹ್ನಕ್ಕೋ ಹೊಂದಿಸಿ. ಈ ಖಾಯಂ ತುಂಡು ಗಡಿಯಾರವನ್ನು ಒಂದು ಕಡೆ ಹಿಡಿದಿಡುತ್ತದೆ ಎಂದು 1980ರ ದಶಕದ ಆರಂಭದಲ್ಲೇ ಇಂಗ್ಲೆಂಡಿನ ಪ್ರಯೋಗಗಳು ತೋರಿಸಿದ್ದವು.

ಮನೆಯಲ್ಲಿ ಇಬ್ಬರಿದ್ದರೆ ರಾತ್ರಿಯನ್ನು ಹಂಚಿಕೊಳ್ಳಿ. ಒಬ್ಬರು ಯಾವಾಗಲೂ ಮೊದಲರ್ಧ, ಇನ್ನೊಬ್ಬರು ಯಾವಾಗಲೂ ಎರಡನೆಯರ್ಧ. ದಿನ ಬಿಟ್ಟು ದಿನ ಅದಲು ಬದಲು ಮಾಡುವುದು ನ್ಯಾಯವಾಗಿ ಕಾಣುತ್ತದೆ, ಆದರೆ ಇಬ್ಬರ ಗಡಿಯಾರವೂ ಕೆಡುತ್ತದೆ. ಆಸ್ಪತ್ರೆ ಪಾಳಿಯಲ್ಲಿ ಹೇಳಿಕೊಳ್ಳುವ ಅವಕಾಶ ಇದ್ದರೆ ಬೆಳಿಗ್ಗೆ, ಆಮೇಲೆ ಸಂಜೆ, ಆಮೇಲೆ ರಾತ್ರಿ ಎಂಬ ಕ್ರಮ ಕೇಳಿ. ಉಲ್ಟಾ ತಿರುಗುವ ಪಾಳಿಗಿಂತ ಇದು ಮೈಗೆ ಸುಲಭ. ಹಗಲಲ್ಲಿ ಮಲಗುವ ಕೋಣೆಗೆ ದಪ್ಪ ಕಂಬಳಿಯನ್ನೇ ಪರದೆ ಮಾಡಿ. ಹಗಲು ಮಲಗಿದವರನ್ನು ಏನಮ್ಮಾ ಇನ್ನೂ ಮಲಗಿದ್ದೀಯಾ ಎಂದು ಎಬ್ಬಿಸುವ ನೆಂಟರಿಗೆ ಬಾಗಿಲಲ್ಲೇ ಹೇಳಿಬಿಡಿ.

ದೋಷ: ಮಳೆಯ ಸದ್ದಿಗೆ ಎಚ್ಚರ

2018ರ ಆಗಸ್ಟ್ ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಜೋಡುಪಾಲ, ಮಕ್ಕಂದೂರು ಕಡೆ ಗುಡ್ಡ ಜಾರಿದ ಮೇಲೆ, ರಾತ್ರಿ ಮಳೆ ಜೋರಾದರೆ ಎದ್ದು ಕೂರುವವರು ಎಷ್ಟೋ ಮಂದಿ. ಇದು ಗಡಿಯಾರದ ದೋಷವಲ್ಲ, ಮೇಲಿನ ರಿಪೇರಿಗಳು ಇದಕ್ಕೆ ಹೊಂದುವುದಿಲ್ಲ. ಪತ್ತೆ ಮಾಡುವುದು ಸುಲಭ: ಮೈಸೂರಿನ ಮಗಳ ಮನೆಯಲ್ಲಿ ಎರಡು ರಾತ್ರಿ ಉಳಿದಾಗ ಚೆನ್ನಾಗಿ ನಿದ್ದೆ ಬಂದರೆ, ಕಾರಣ ಭಯ.

ಭಯಕ್ಕೆ ಆಧಾರವಿದ್ದರೆ ಅದನ್ನು ಸಮಾಧಾನ ಮಾಡಲು ಹೋಗಬೇಡಿ. ಮನೆ ಬರೆಯ (ಕಡಿದಾದ ಗುಡ್ಡದ ಬದಿಯ) ಕೆಳಗಿದ್ದು ರೆಡ್ ಅಲರ್ಟ್ ಕೊಟ್ಟಿದ್ದರೆ ಕತ್ತಲಾಗುವ ಮೊದಲೇ ಬೇರೆಡೆ ಹೋಗಿ ಮಲಗುವುದೇ ನಿದ್ದೆಗೆ ಮದ್ದು. ಮನೆ ಸುರಕ್ಷಿತ ಜಾಗದಲ್ಲಿದ್ದೂ ಎಚ್ಚರವಾಗುತ್ತಿದ್ದರೆ, ಬ್ಯಾಗು, ಟಾರ್ಚು, ಕಾಗದಪತ್ರ ಸಂಜೆಯೇ ಬಾಗಿಲ ಬಳಿ ಇಡಿ. ಯಾರು ಎಷ್ಟು ಹೊತ್ತಿನವರೆಗೆ ಎದ್ದಿರುವುದು ಎಂದು ಹಂಚಿಕೊಳ್ಳಿ, ಎಲ್ಲರೂ ಎದ್ದಿರಬೇಕಾಗಿಲ್ಲ. ಮೊಬೈಲಿನ ಡೇಟಾ ಆಫ್ ಮಾಡಿ, ರಿಂಗ್ ಮಾತ್ರ ಜೋರಾಗಿಡಿ. ತುರ್ತು ಕರೆ ಬಂದೇ ಬರುತ್ತದೆ. ನಡುರಾತ್ರಿ ವಾಟ್ಸಾಪಿನಲ್ಲಿ ಸುತ್ತುವ ಹಳೇ ವಿಡಿಯೋಗಳು ಬರುವುದಿಲ್ಲ. ಜಿಲ್ಲಾ ಕಂಟ್ರೋಲ್ ರೂಮಿನ 1077 ಗೋಡೆಯ ಮೇಲೆ ಬರೆದಿಡಿ. ಮಳೆಗಾಲ ಮುಗಿದ ಮೇಲೂ ಕೆಟ್ಟ ಕನಸು, ಬೆಚ್ಚಿ ಬೀಳುವುದು ನಿಲ್ಲದಿದ್ದರೆ ಮತ್ತೆ ಅದೇ 14416.

ಹಾಸಿಗೆಯಲ್ಲಿ ಎಚ್ಚರವಾಗಿ ಬಿದ್ದುಕೊಳ್ಳುವುದು

ನಿದ್ದೆ ಸಾಲದು ಎಂದು ಒಂಬತ್ತಕ್ಕೇ ಹಾಸಿಗೆ ಸೇರುವವರಿದ್ದಾರೆ. ಒಂಬತ್ತು ಗಂಟೆ ಹಾಸಿಗೆಯಲ್ಲಿ, ನಿದ್ದೆ ಐದೇ ಗಂಟೆ. ಉಳಿದ ನಾಲ್ಕು ಗಂಟೆ ಹೊರಳಾಟ. ಕೆಲವು ತಿಂಗಳಲ್ಲಿ ಹಾಸಿಗೆ ನೋಡಿದರೇ ಎಚ್ಚರವಾಗುವ ಅಭ್ಯಾಸ ಬೀಳುತ್ತದೆ. ಇದಕ್ಕೆ ಮಾಡಬೇಕಾದ್ದು ತಿರುಗುಮುರುಗು: ಹಾಸಿಗೆಯಲ್ಲಿರುವ ಹೊತ್ತನ್ನು ಕಡಿಮೆ ಮಾಡಿ. ಇಪ್ಪತ್ತು ನಿಮಿಷದ ಅಂದಾಜಿನಲ್ಲಿ ನಿದ್ದೆ ಬಾರದಿದ್ದರೆ ಎದ್ದು ಬೇರೆ ಕೋಣೆಯಲ್ಲಿ ಮಂದ ಬೆಳಕಿನಲ್ಲಿ ಕೂತು, ತೂಕಡಿಕೆ ಬಂದಾಗ ಮರಳಿ. ಗಡಿಯಾರ ನೋಡಬೇಡಿ. ದೀರ್ಘಕಾಲದ ನಿದ್ರಾಹೀನತೆಗೆ ಮಾತ್ರೆಗಿಂತ ಮೊದಲು ಇಂಥ ಅಭ್ಯಾಸದ ಚಿಕಿತ್ಸೆಯನ್ನೇ ಕೊಡಬೇಕು ಎಂದು ಅಮೆರಿಕದ ವೈದ್ಯರ ಸಂಘ 2016ರಲ್ಲಿ ಶಿಫಾರಸು ಮಾಡಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನಿದ್ದೆಯ ತೊಂದರೆಗಳನ್ನು ನೋಡುವವರಿದ್ದಾರೆ.

ಹಬ್ಬದ ರಾತ್ರಿಗಳು ಈ ಪಟ್ಟಿಗೆ ಸೇರುವುದಿಲ್ಲ. ಮಡಿಕೇರಿ ದಸರಾದ ದಶಮಂಟಪ ಬೆಳಗಿನವರೆಗೆ ನೋಡಿ. ಪುತ್ತರಿಯ ರಾತ್ರಿ ಕದಿರು ತೆಗೆಯಲು ಹೋಗಿ. ತಲಕಾವೇರಿಯ ತೀರ್ಥೋದ್ಭವ ಕೆಲವು ವರ್ಷ ನಡುರಾತ್ರಿಯೇ ಬೀಳುತ್ತದೆ, ಅದಕ್ಕೂ ಹೋಗಿ. ವರ್ಷಕ್ಕೆ ಅಷ್ಟು ರಾತ್ರಿಗಳಿಂದ ಯಾರ ಆರೋಗ್ಯವೂ ಹಾಳಾಗದು. ಮರುದಿನ ರೂಢಿಯ ಹೊತ್ತಿಗಿಂತ ಒಂದು ಗಂಟೆ ತಡವಾಗಿ ಎದ್ದು, ಮಧ್ಯಾಹ್ನ ಮೂರರೊಳಗೆ ಸ್ವಲ್ಪ ಮಲಗಿದರೆ ಸಾಕು.

ಗಾಡಿ ಓಡಿಸುವ ಮೊದಲು

ಇದೊಂದನ್ನು ಮಾತ್ರ ನಿಧಾನಕ್ಕೆ ಸರಿಮಾಡೋಣ ಅನ್ನಲು ಆಗದು. 17 ಗಂಟೆ ಎಚ್ಚರವಿದ್ದವರ ಕೈ, ಕಣ್ಣು, ಮಿದುಳಿನ ಹೊಂದಾಣಿಕೆ ರಕ್ತದಲ್ಲಿ ಶೇ. 0.05 ಮದ್ಯ ಇರುವವರಷ್ಟು ಮಂದವಾಗುತ್ತದೆ ಎಂದು 1997ರ ಪ್ರಯೋಗವೊಂದು ತೋರಿಸಿತು. ನಮ್ಮ ದೇಶದ ಕಾನೂನಿನ ಮಿತಿ ಶೇ. 0.03. ಬೆಳಿಗ್ಗೆ ಆರಕ್ಕೆ ಎದ್ದು, ಕೆಲಸ ಮುಗಿಸಿ ರಾತ್ರಿ ಎಂಟಕ್ಕೆ ಬೆಂಗಳೂರು ಬಿಟ್ಟವರು ಹುಣಸೂರು ದಾಟುವ ಹೊತ್ತಿಗೆ ಆ ಸ್ಥಿತಿಯಲ್ಲಿರುತ್ತಾರೆ. ತೂಕಡಿಕೆ ಅತಿ ಹೆಚ್ಚು ಎಳೆಯುವುದು ರಾತ್ರಿ ಎರಡರಿಂದ ಆರರೊಳಗೆ. ಹಾಡು ಜೋರಾಗಿ ಹಾಕುವುದು, ಗಾಜು ಇಳಿಸುವುದು ಕೆಲಸಕ್ಕೆ ಬರುವುದಿಲ್ಲ. ಹಿಂದಿನ ಎರಡು ಕಿಲೋಮೀಟರ್ ಹೇಗೆ ಬಂದೆ ಎಂದು ನೆನಪಾಗದಿದ್ದರೆ ಆಗಲೇ ನಿಲ್ಲಿಸಬೇಕು.

ಕೆಲಸ ಮಾಡುವುದು ಎರಡೇ. ಇನ್ನೊಬ್ಬರಿಗೆ ಸ್ಟೀರಿಂಗ್ ಕೊಡುವುದು, ಇಲ್ಲವೇ ಒಂದು ಕಾಫಿ ಕುಡಿದು ಕೂಡಲೇ ಇಪ್ಪತ್ತು ನಿಮಿಷ ಮಲಗುವುದು. ಕೆಫೀನ್ ಹತ್ತಲು ಅಷ್ಟು ಹೊತ್ತು ಬೇಕಾಗುವುದರಿಂದ ಏಳುವಾಗ ಎರಡರ ಲಾಭವೂ ಸಿಗುತ್ತದೆ. ಎದ್ದ ಮೇಲೆ ಸ್ವಲ್ಪ ಹೊತ್ತು ಮಂಪರು ಇರುತ್ತದೆ, ಮುಖ ತೊಳೆದು ನಡೆದಾಡಿ ಆಮೇಲೆ ಹೊರಡಿ. ಮಂಗಳೂರು ಕಡೆಯಿಂದ ಬರುವವರು ಸಂಪಾಜೆಯಲ್ಲೇ, ಮೈಸೂರು ಕಡೆಯಿಂದ ಮಡಿಕೇರಿಗೆ ಬರುವವರು ಕುಶಾಲನಗರದಲ್ಲೇ ಇದನ್ನು ಮುಗಿಸಿಕೊಳ್ಳಿ. ಮೇಲೆ ತಿರುವುಗಳಲ್ಲಿ ಗಾಡಿ ನಿಲ್ಲಿಸಲು ಜಾಗ ಸಿಗುವುದು ಕಷ್ಟ. ಮಂಜಿದ್ದರೆ ಅಲ್ಲಿ ನಿಲ್ಲಿಸುವುದೇ ಅಪಾಯ.